ಹೊಸಬರಿಗೆ ಕೋಡಿಂಗ್ ಕಲಿಸುವ ಅನಿಮೇಷನ್ ವಿಡಿಯೊದಲ್ಲಿ ನಿಜಕ್ಕೂ ಏನು ತೋರಿಸಬೇಕು?

ತುಂಗಾ_ತೀರ

ಎಲ್ಲರಿಗೂ ನಮಸ್ಕಾರ. ತೀರ್ಥಹಳ್ಳಿ ಕಡೆಯ ಒಂದು ಕಾಲೇಜಿನಲ್ಲಿ ಬಿಸಿಎ ಮೊದಲ ವರ್ಷದವರಿಗೆ ಪೈಥಾನ್ ಪಾಠ ಮಾಡುತ್ತೇನೆ. ಹೆಚ್ಚಿನವರು ಹತ್ತನೇ ಕ್ಲಾಸಿನವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಬಂದವರು. ಕೆಲವರು ಕಂಪ್ಯೂಟರ್ ಮುಟ್ಟುವುದೇ ನಮ್ಮ ಲ್ಯಾಬಿನಲ್ಲಿ ಮೊದಲು. ಚುರುಕು ಮಕ್ಕಳು, ಲೆಕ್ಕ ಚೆನ್ನಾಗಿ ಮಾಡುತ್ತಾರೆ. ಆದರೆ ವೇರಿಯಬಲ್ (ಬೆಲೆಗೆ ಇಟ್ಟ ಹೆಸರು), ಲೂಪ್ (ಮತ್ತೆ ಮತ್ತೆ ನಡೆಯುವ ಸಾಲುಗಳು), ಫಂಕ್ಷನ್ (ಹೆಸರಿಟ್ಟ ಕೋಡ್ ತುಂಡು), ರಿಕರ್ಶನ್ (ಫಂಕ್ಷನ್ ತನ್ನನ್ನೇ ಕರೆಯುವುದು) ಅಂತ ಬಂದಾಗ ಎಲ್ಲೋ ಒಂದು ಕಡೆ ಕೈ ತಪ್ಪುತ್ತದೆ, ಎಲ್ಲಿ ತಪ್ಪಿತು ಅಂತ ಅವರಿಗೂ ಹೇಳಲು ಬರುವುದಿಲ್ಲ, ಬೋರ್ಡಿನ ಮೇಲೆ ಪ್ರತಿ ಸಲ ಬರೆದು ಅಳಿಸಿ ಮತ್ತೆ ಬರೆದು ತೋರಿಸಲು ಪಿರಿಯಡ್ ಸಾಲುವುದಿಲ್ಲ.

ಅದಕ್ಕೇ ಕನ್ನಡದಲ್ಲಿ ಚಿಕ್ಕ ಚಿಕ್ಕ ಅನಿಮೇಷನ್ ವಿಡಿಯೊ ಮಾಡಬೇಕು ಅಂದುಕೊಂಡಿದ್ದೇನೆ. ಮನೆಯಲ್ಲಿ ಕೂತು ಎಷ್ಟು ಸಲ ಬೇಕಾದರೂ ನೋಡಬಹುದು ಅಲ್ವಾ. ಲೂಪ್‌ಗೆ ಒಂದು ಕಥೆ ಬರೆದುಕೊಂಡಿದ್ದೇನೆ: ಕೊನೆಗೌಡ (ಅಡಿಕೆ ಕೊನೆ ಕೊಯ್ಯುವವ) ತೋಟದಲ್ಲಿ ಒಂದೊಂದೇ ಮರ ಹತ್ತಿ ಕೊನೆ ಇಳಿಸುತ್ತಾ ಹೋಗುತ್ತಾನೆ, ಸಾಲಿನ ಮರ ಮುಗಿಯುವವರೆಗೂ ಅದೇ ಕೆಲಸ, ಅದೇ ಫಾರ್ ಲೂಪ್. ನಮ್ಮ ಹುಡುಗರು ದಿನಾ ನೋಡುವ ಕೆಲಸ, ಹಾಗಾಗಿ ಬೇಗ ಮನಸ್ಸಿಗೆ ಹತ್ತುತ್ತದೆ ಅನಿಸಿತು.

ನನ್ನ ಗೊಂದಲ ಏನೆಂದರೆ, ಇಂಥ ಕಥೆ, ಪಾತ್ರ, ಹಿನ್ನೆಲೆ ಸಂಗೀತ ಇವೆಲ್ಲ ನಿಜಕ್ಕೂ ಕಲಿಕೆಗೆ ಸಹಾಯ ಮಾಡುತ್ತವಾ? ಒಂದು ವಿಡಿಯೊ ಎಷ್ಟು ಉದ್ದ ಇರಬೇಕು? ನನ್ನ ಹತ್ತಿರ ಇರುವುದು ಸಾಧಾರಣ ಲ್ಯಾಪ್‌ಟಾಪ್, ಗ್ರಾಫಿಕ್ಸ್ ಕಾರ್ಡ್ ಇಲ್ಲ. ಯಾವ ಸಾಫ್ಟ್‌ವೇರ್ ಕಲಿಯಲಿ? ಕನ್ನಡ ಅಕ್ಷರ ಒಡೆದುಹೋಗದೆ ಬರಬೇಕು. ಇನ್ನೊಂದು, ಹುಡುಗರು ನೋಡುವುದು ಮೊಬೈಲ್‌ನಲ್ಲಿ. ಮಳೆಗಾಲದಲ್ಲಿ ಕೆಲವು ಊರುಗಳಲ್ಲಿ ಕರೆಂಟು, ನೆಟ್‌ವರ್ಕ್ ಎರಡೂ ಇರುವುದಿಲ್ಲ. ಅದನ್ನೂ ಮನಸ್ಸಿನಲ್ಲಿಟ್ಟುಕೊಂಡು ಹೇಳಿ.

ಸಾಗರದ_ಕೋಡರ್

ಮೇಡಂ, ಒಳ್ಳೆಯ ಕೆಲಸಕ್ಕೆ ಕೈ ಹಾಕಿದ್ದೀರಿ. ಕೊನೆಗೌಡನನ್ನು ವಿಡಿಯೊದ ಮೊದಲ ಕೆಲವು ಸೆಕೆಂಡಿಗೆ ಇಟ್ಟುಕೊಳ್ಳಿ, ಆಮೇಲೆ ಅವನನ್ನು ಪರದೆಯಿಂದ ಪೂರ್ತಿ ತೆಗೆದುಬಿಡಿ. ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡುವುದು ಅಂದರೇನು ಅಂತ ಯಾವ ಹುಡುಗನಿಗೂ ಹೇಳಿಕೊಡಬೇಕಾಗಿಲ್ಲ. ಅವರು ಸಿಕ್ಕಿಬೀಳುವುದು ಬೇರೆ ಜಾಗದಲ್ಲಿ. 'ಐ' ಅನ್ನುವ ವೇರಿಯಬಲ್‌ನಲ್ಲಿ ಈಗ ಎಷ್ಟಿದೆ? ಅದು ಬದಲಾಗಿದ್ದು ಯಾವ ಸಾಲಿನಲ್ಲಿ? ಎಲ್ಲಿಂದ ಎಲ್ಲಿವರೆಗೆ ಎಣಿಸಬೇಕು ಅಂತ ಹೇಳುವ ರೇಂಜ್(1, 5) ಬರೆದರೂ 5 ಯಾಕೆ ಬರಲಿಲ್ಲ? ಲೂಪ್ ಮುಗಿದ ಮೇಲೆ 'ಐ' ಏನಾಯಿತು, ಹೋಯಿತಾ, ಉಳಿಯಿತಾ? (ಪೈಥಾನ್‌ನಲ್ಲಿ ಉಳಿಯುತ್ತದೆ, ಅದರಲ್ಲಿ 4 ಇರುತ್ತದೆ.) ಈ ಯಾವ ಪ್ರಶ್ನೆಗೂ ಮರ ಹತ್ತುವವನ ಚಿತ್ರದಲ್ಲಿ ಉತ್ತರ ಇಲ್ಲ.

ನಾನು ಒಂದೇ ಒಂದು ನಿಯಮ ಹೇಳುತ್ತೇನೆ. ಕಂಪ್ಯೂಟರಿಗೆ ಆ ಕ್ಷಣಕ್ಕೆ ಏನು ಕಾಣುತ್ತದೋ ಅಷ್ಟನ್ನೇ ಪರದೆ ಮೇಲೆ ತೋರಿಸಿ. ಅದಕ್ಕಿಂತ ಜಾಸ್ತಿ ತೋರಿಸಬೇಡಿ.

ಉದಾಹರಣೆಗೆ ಐದು ಅಡಿಕೆ ಮೂಟೆಗಳ ತೂಕ ಇದೆ ಅಂದುಕೊಳ್ಳಿ: 65, 62, 70, 58, 68. ಅತಿ ಭಾರದ ಮೂಟೆ ಯಾವುದು ಅಂತ ಪ್ರೋಗ್ರಾಮ್ ಬರೆಯಬೇಕು. ಐದೂ ಸಂಖ್ಯೆಗಳನ್ನು ಪರದೆ ಮೇಲೆ ಸಾಲಾಗಿ ಇಟ್ಟರೆ ಹುಡುಗ ಒಂದೇ ನೋಟಕ್ಕೆ 70 ಅಂತಾನೆ. ಅವನ ಕಣ್ಣು ಕೆಲಸ ಮುಗಿಸಿಬಿಟ್ಟಿತು. ಇಷ್ಟಕ್ಕೆ ಲೂಪ್ ಯಾಕೆ, ಇಫ್ (ಷರತ್ತು) ಯಾಕೆ, ಇನ್ನೊಂದು ವೇರಿಯಬಲ್ ಯಾಕೆ ಅಂತ ಅವನಿಗೆ ಅನಿಸುವುದು ಸಹಜ. ಆದ್ದರಿಂದ ಐದರ ಮೇಲೂ ಮುಚ್ಚಳ ಹಾಕಿ. ಪ್ರೋಗ್ರಾಮ್ ಓದುತ್ತಿರುವ ಒಂದು ಮಾತ್ರ ತೆರೆಯಲಿ.

ಈಗ ನಡೆಸಿ ನೋಡಿ. ಮೊದಲ ಸಾಲು:

ದೊಡ್ಡದು = ತೂಕ[0]

ತೂಕ[0] ಅಂದರೆ ಮೊದಲ ಮೂಟೆ, ಎಣಿಕೆ 0ಯಿಂದ ಶುರು. ಮೊದಲ ಮುಚ್ಚಳ ತೆರೆಯುತ್ತದೆ, 65 ಕಾಣುತ್ತದೆ, ಅದರ ಒಂದು ಪ್ರತಿ 'ದೊಡ್ಡದು' ಅನ್ನುವ ಹೆಸರಿನ ಪಕ್ಕ ಬಂದು ಕೂರುತ್ತದೆ, ಮುಚ್ಚಳ ಮುಚ್ಚುತ್ತದೆ. ಎರಡನೆಯದು ತೆರೆಯುತ್ತದೆ, 62. ಪರದೆ ಮೇಲೆ ಪ್ರಶ್ನೆ ಬರುತ್ತದೆ: 62 > 65? ಅಲ್ಲ. 'ದೊಡ್ಡದು' ಬದಲಾಗುವುದಿಲ್ಲ. ಇಲ್ಲಿ ಒಂದು ಕ್ಷಣ ನಿಲ್ಲಿಸಿ. ಏನೂ ಬದಲಾಗದೇ ಇರುವುದೂ ಒಂದು ಹೆಜ್ಜೆಯೇ, ಆದರೆ ಹೆಚ್ಚಿನ ವಿಡಿಯೊಗಳಲ್ಲಿ ಇದನ್ನು ಸರ್ರನೆ ದಾಟಿಸಿಬಿಡುತ್ತಾರೆ. ಮೂರನೆಯದು 70. ಈಗ ಹೌದು. 70 ಬಂದು ಕೂರುತ್ತದೆ, 65 ಅಳಿಸಿಹೋಗುತ್ತದೆ. ಆ ಅಳಿಸುವಿಕೆ ಕಣ್ಣಿಗೆ ಕಾಣಬೇಕು, ಪಕ್ಕದಲ್ಲೆಲ್ಲೋ 65 ತೆಳುವಾಗಿ ಉಳಿದಿರಬಾರದು. ಹಾಗೆ ಮಾಡಿದರೆ ಮುಂದೆ 'ಎರಡನೇ ದೊಡ್ಡ ತೂಕ ಹುಡುಕಿ' ಅಂತ ಲೆಕ್ಕ ಕೊಟ್ಟಾಗ ಹುಡುಗ ತಾನೇ ಹೇಳುತ್ತಾನೆ: ಹಳೆಯದು ಹೋಗಿಬಿಟ್ಟಿತಲ್ಲ, ಅದನ್ನು ಇಟ್ಟುಕೊಳ್ಳಲು ಇನ್ನೊಂದು ವೇರಿಯಬಲ್ ಬೇಕು.

ಸಾರ್ಟಿಂಗ್ (ಸಂಖ್ಯೆಗಳನ್ನು ಕ್ರಮವಾಗಿ ಜೋಡಿಸುವ) ವಿಡಿಯೊಗಳಲ್ಲೂ ಇದೇ ತೊಂದರೆ. ಸಂಖ್ಯೆಗಳನ್ನು ಸೂಚಿಸುವ ಎರಡು ಕಂಬಗಳು ಗಾಳಿಯಲ್ಲಿ ಒಂದನ್ನೊಂದು ದಾಟಿ ಜಾಗ ಬದಲಿಸುತ್ತವೆ, ನೋಡಲು ಚಂದ. ಆದರೆ ಸಿ ಭಾಷೆಯಲ್ಲಿ ಬರೆಯುವಾಗ ಒಂದು ಬೆಲೆಯನ್ನು ಮೊದಲು ಟೆಂಪ್ ಅಂತ ಇನ್ನೊಂದು ಕಡೆ ಎತ್ತಿಡಬೇಕು, ಇಲ್ಲದಿದ್ದರೆ ಅದು ಅಳಿದುಹೋಗುತ್ತದೆ. ಹಾರಾಡುವ ಕಂಬದ ಚಿತ್ರದಲ್ಲಿ ಟೆಂಪ್‌ಗೆ ಜಾಗವೇ ಇಲ್ಲ. ಚಿತ್ರ ನೋಡಿ 'ಅರ್ಥವಾಯಿತು' ಅಂದ ಹುಡುಗ ಲ್ಯಾಬಿನಲ್ಲಿ ಎ = ಬಿ, ಬಿ = ಎ ಅಂತ ಎರಡು ಸಾಲು ಬರೆದು ಎರಡರಲ್ಲೂ ಒಂದೇ ಸಂಖ್ಯೆ ಬಂತು ಅಂತ ಕೂರುತ್ತಾನೆ. ಅವನದು ತಪ್ಪಲ್ಲ, ಚಿತ್ರ ಅವನಿಗೆ ಹಾಗೆ ಹೇಳಿಕೊಟ್ಟಿದೆ. ಪೈಥಾನ್‌ನಲ್ಲಿ ಎ, ಬಿ = ಬಿ, ಎ ಅಂತ ಒಂದೇ ಸಾಲಿನಲ್ಲಿ ಬರೆಯಬಹುದು ನಿಜ, ಅಲ್ಲೂ ಬಲಗಡೆಯ ಎರಡೂ ಬೆಲೆಗಳನ್ನು ಮೊದಲು ತೆಗೆದುಕೊಂಡೇ ಎಡಗಡೆಯ ಹೆಸರುಗಳಿಗೆ ಕೊಡುವುದು. ಆ ಕ್ರಮ ತೋರಿಸಿ.

ಅಂದಹಾಗೆ ಪೈಥಾನ್ 3ರಲ್ಲಿ ವೇರಿಯಬಲ್ ಹೆಸರನ್ನು ಕನ್ನಡ ಅಕ್ಷರದಲ್ಲೇ ಬರೆಯಬಹುದು, ಮೇಲೆ ಬರೆದ 'ದೊಡ್ಡದು', 'ತೂಕ' ಎರಡೂ ಓಡುತ್ತವೆ. ಮೊದಲ ಕೆಲವು ವಿಡಿಯೊಗಳಿಗೆ ಇದು ಬಹಳ ಉಪಯೋಗ, ಯಾವುದು ನಾವು ಇಟ್ಟ ಹೆಸರು, ಯಾವುದು ಭಾಷೆಯದ್ದೇ ಪದ ಅಂತ ನೋಡಿದ ಕೂಡಲೇ ಗೊತ್ತಾಗುತ್ತದೆ. ಒಂದು ಎಚ್ಚರಿಕೆ: 'ಲಿಸ್ಟ್‌ನಲ್ಲಿ' ಅಂತ ಬರೆಯುವಾಗ ಒತ್ತಕ್ಷರ ಆಗದಂತೆ ಮಧ್ಯೆ ಕಣ್ಣಿಗೆ ಕಾಣದ ಒಂದು ಚಿಹ್ನೆ ಹಾಕುತ್ತೇವಲ್ಲ, ಅದು ಹೆಸರಿನೊಳಗೆ ಬಂದರೆ ಪೈಥಾನ್ ಒಪ್ಪುವುದಿಲ್ಲ, ಎರರ್ ಕೊಡುತ್ತದೆ. ಅಂಥ ಪದ ಬಿಟ್ಟು ಸರಳ ಹೆಸರು ಆರಿಸಿಕೊಳ್ಳಿ.

ಗೆರೆ_ಬಣ್ಣ

ನಾನು ಶಿವಮೊಗ್ಗದಲ್ಲಿ ಮೋಷನ್ ಗ್ರಾಫಿಕ್ಸ್ ಕೆಲಸ ಮಾಡುವವನು, ಕೋಡಿಂಗ್ ಗೊತ್ತಿಲ್ಲ. ಚಿತ್ರದ ಕಡೆಯಿಂದ ಹೇಳುತ್ತೇನೆ.

ಸಾಗರದವರು ಹೇಳಿದ ಮುಚ್ಚಳದ ಉಪಾಯ ನನಗೆ ತುಂಬಾ ಹಿಡಿಸಿತು. ಅದಕ್ಕೆ ಜೊತೆಯಾಗಿ ಒಂದು ಮಾತು: ಒಂದು ಹೊತ್ತಿಗೆ ಒಂದೇ ವಸ್ತು ಅಲುಗಾಡಲಿ. ಮನುಷ್ಯನ ಕಣ್ಣು ಅಲುಗಾಡುವ ಕಡೆಗೇ ಹೋಗುತ್ತದೆ, ಅದನ್ನು ತಡೆಯಲು ಆಗುವುದಿಲ್ಲ. ಮೂಲೆಯಲ್ಲಿ ಅಡಿಕೆ ಗರಿ ತೂಗುತ್ತಿದ್ದರೆ ಹುಡುಗ ಗರಿ ನೋಡುತ್ತಾನೆ, ನಿಮ್ಮ 65 ನೋಡುವುದಿಲ್ಲ. ಹಿನ್ನೆಲೆ ಸಂಗೀತವನ್ನೂ ಬಿಡಿ. ಮೊಬೈಲಿನ ಸಣ್ಣ ಸ್ಪೀಕರಿನಲ್ಲಿ ಅದು ಮಾತನ್ನು ನುಂಗುತ್ತದೆ.

ಜಾಗ ಮತ್ತು ಬಣ್ಣ ಎಲ್ಲ ವಿಡಿಯೊಗಳಲ್ಲೂ ಒಂದೇ ಇರಲಿ. ಮೇಲೆ ಕೋಡ್, ಕೆಳಗೆ ವೇರಿಯಬಲ್‌ಗಳು, ಅದರ ಕೆಳಗೆ ಔಟ್‌ಪುಟ್. ಈಗ ನಡೆಯುತ್ತಿರುವ ಸಾಲಿಗೆ ಒಂದು ಬಣ್ಣ, ಈಗಷ್ಟೇ ಬದಲಾದ ಬೆಲೆಗೆ ಇನ್ನೊಂದು. ಆ ಎರಡು ಬಣ್ಣವನ್ನು ಬೇರೆ ಯಾವುದಕ್ಕೂ ಬಳಸಬೇಡಿ. ಕೆಂಪು ಹಸಿರು ಜೋಡಿ ಬೇಡ, ಆ ಎರಡರ ವ್ಯತ್ಯಾಸ ಕಾಣದ ಮಕ್ಕಳು ಕ್ಲಾಸಿನಲ್ಲಿ ಇದ್ದೇ ಇರುತ್ತಾರೆ. ನೀಲಿ, ಕಿತ್ತಳೆ ಚೆನ್ನಾಗಿ ಬೇರೆಯಾಗಿ ಕಾಣುತ್ತವೆ. ಬೆಲೆ ಬದಲಾದ ಮೇಲೆ ಒಂದು ಸೆಕೆಂಡು ಎಲ್ಲವೂ ಸ್ತಬ್ಧವಾಗಿ ನಿಲ್ಲಲಿ. ಮಾಡುವವರಿಗೆ ಅದು ಉದ್ದ ಅನಿಸುತ್ತದೆ, ಮೊದಲ ಸಲ ನೋಡುವವರಿಗೆ ಸಾಲುವುದಿಲ್ಲ. ಮೊಬೈಲ್‌ಗೆ ಅಂದರೆ ಒಂದು ಪರದೆಯಲ್ಲಿ ಆರೇಳು ಸಾಲು ಕೋಡ್‌ಗಿಂತ ಜಾಸ್ತಿ ಇಡಬೇಡಿ.

ಸಾಫ್ಟ್‌ವೇರ್ ವಿಷಯ. ನಿಮಗೆ ಪೈಥಾನ್ ಬರುವುದರಿಂದ ಮ್ಯಾನಿಮ್ ಕಲಿಯಿರಿ. ಗಣಿತದ ವಿಡಿಯೊಗಳಿಗೆ ಅಂತ ಗ್ರ್ಯಾಂಟ್ ಸ್ಯಾಂಡರ್ಸನ್ ಬರೆದ ಪೈಥಾನ್ ಲೈಬ್ರರಿ ಅದು, 2020ರಿಂದ ಅದರ ಸಮುದಾಯದ ಆವೃತ್ತಿ ಬೇರೆಯಾಗಿ ಬೆಳೆಯುತ್ತಿದೆ, ನಿಮಗೆ ಬೇಕಾಗಿದ್ದು ಅದು. ಪೂರ್ತಿ ಉಚಿತ. ಗ್ರಾಫಿಕ್ಸ್ ಕಾರ್ಡ್ ಇಲ್ಲದೆಯೂ ನಡೆಯುತ್ತದೆ. ಲೇಟೆಕ್ಸ್ ಹಾಕಿಕೊಳ್ಳಬೇಕು ಅಂತ ಹೆದರಬೇಡಿ, ಅದು ಗಣಿತದ ಸೂತ್ರಗಳಿಗೆ ಮಾತ್ರ. ಮಾಮೂಲಿ ಬರಹಕ್ಕೆ ಇರುವ 'ಟೆಕ್ಸ್ಟ್' ಕ್ಲಾಸ್ ಪ್ಯಾಂಗೊ ಅನ್ನುವ ವ್ಯವಸ್ಥೆ ಬಳಸುತ್ತದೆ, ಹಾಗಾಗಿ ಕನ್ನಡದ ಒತ್ತಕ್ಷರ ಸರಿಯಾಗಿ ಕೂರುತ್ತವೆ. ಫಾಂಟ್‌ಗೆ ನೋಟೊ ಸಾನ್ಸ್ ಕನ್ನಡ ಇಟ್ಟುಕೊಳ್ಳಿ. ಒಂದನ್ನು ಮಾತ್ರ ಮಾಡಬೇಡಿ: ಅಕ್ಷರ ಒಂದೊಂದಾಗಿ ಮೂಡುವ ಅನಿಮೇಷನ್. ಇಂಗ್ಲಿಷಿಗೆ ಅದು ಸರಿ. ಕನ್ನಡದಲ್ಲಿ 'ದೊಡ್ಡದು' ಅನ್ನುವಾಗ ಒತ್ತು ಒಂದು ಹೊತ್ತಿಗೆ, ಕೊಂಬು ಇನ್ನೊಂದು ಹೊತ್ತಿಗೆ ಬರುತ್ತವೆ, ಓದಲು ಹಿಂಸೆ. ಇಡೀ ಪದ ಒಟ್ಟಿಗೆ ಮೆಲ್ಲಗೆ ಮೂಡಲಿ.

ಆಫ್ಟರ್ ಎಫೆಕ್ಟ್ಸ್ ಅನ್ನುವ ಅನಿಮೇಷನ್ ಸಾಫ್ಟ್‌ವೇರ್ ಇದ್ದವರಿಗೆ: ಪ್ರಿಫರೆನ್ಸ್‌ನಲ್ಲಿ ಟೈಪ್ ವಿಭಾಗಕ್ಕೆ ಹೋಗಿ ಟೆಕ್ಸ್ಟ್ ಎಂಜಿನ್ ಅನ್ನು ಸೌತ್ ಏಷ್ಯನ್‌ಗೆ ಬದಲಿಸಿ, ಇಲ್ಲದಿದ್ದರೆ ಒತ್ತಕ್ಷರ ಒಡೆದು ಅರ್ಕಾವತ್ತು ಎಲ್ಲೋ ಹೋಗಿ ನಿಲ್ಲುತ್ತದೆ. ನಿಮ್ಮ ನೋಟ್ಸ್ ನುಡಿಯ ಹಳೆಯ ಆಸ್ಕಿ ಫಾಂಟಿನಲ್ಲಿದ್ದರೆ ಮೊದಲು ಯೂನಿಕೋಡಿಗೆ ಪರಿವರ್ತಿಸಿಕೊಳ್ಳಿ, ಹಾಗೇ ಅಂಟಿಸಿದರೆ ಬರುವುದು ಚಿತ್ರವಿಚಿತ್ರ ಇಂಗ್ಲಿಷ್ ಚಿಹ್ನೆಗಳು.

ಇದ್ಯಾವುದೂ ಬೇಡ, ನಾಳೆಯೇ ಶುರು ಮಾಡಬೇಕು ಅಂದರೆ ಮೊಬೈಲನ್ನು ಮೇಜಿನ ಮೇಲೆ ನೇರ ಕೆಳಮುಖವಾಗಿ ನಿಲ್ಲಿಸಿ, ಕಾಗದದ ಚೀಟಿಗಳ ಮೇಲೆ ಸಂಖ್ಯೆ ಬರೆದು, ಕೈಯಿಂದ ಸರಿಸುತ್ತಾ ಮಾತಾಡಿ. ಮುಚ್ಚಳಕ್ಕೆ ಬೆಂಕಿಪೊಟ್ಟಣದ ಕವಚ ಸಾಕು. ಅದೂ ಅನಿಮೇಷನ್ನೇ. ಮ್ಯಾನಿಮ್ ಕಲಿಯುವ ಮೊದಲು ಇದನ್ನೇ ಮಾಡಿ ಇಬ್ಬರು ವಿದ್ಯಾರ್ಥಿಗಳಿಗೆ ತೋರಿಸಿ, ಎಲ್ಲಿ ಎಡವುತ್ತಾರೆ ನೋಡಿ. ಕಂಪ್ಯೂಟರಿನಲ್ಲಿ ಮಾಡಿದ್ದನ್ನು ಬದಲಿಸುವುದಕ್ಕಿಂತ ಚೀಟಿ ಬದಲಿಸುವುದು ಸುಲಭ.

ಧ್ವನಿ ಮೊದಲು ರೆಕಾರ್ಡ್ ಮಾಡಿ, ಆಮೇಲೆ ಅದಕ್ಕೆ ತಕ್ಕಂತೆ ಚಿತ್ರ ಹೊಂದಿಸಿ. ಉಲ್ಟಾ ಮಾಡಿದರೆ ಚಿತ್ರ ಓಡುತ್ತದೆ ಅಂತ ನೀವು ಮಾತನ್ನು ಓಡಿಸುತ್ತೀರಿ. ಮಳೆಗಾಲದಲ್ಲಿ ಶೀಟಿನ ಮಾಡಿನ ಕೆಳಗೆ ರೆಕಾರ್ಡಿಂಗ್ ಬೇಡ. ಅಡಾಸಿಟಿ ಅನ್ನುವ ಧ್ವನಿ ಸಾಫ್ಟ್‌ವೇರ್‌ನಲ್ಲಿ ಗದ್ದಲ ತೆಗೆಯುವ ಸೌಲಭ್ಯ ಇದೆ, ಅದು ಫ್ಯಾನಿನಂಥ ಒಂದೇ ಸಮನೆ ಸದ್ದಿಗೆ ಸರಿ, ಏರಿಳಿಯುವ ಮಳೆ ಸದ್ದು ತೆಗೆಯಲು ಹೋದರೆ ನಿಮ್ಮ ಧ್ವನಿಯೂ ಕೆಡುತ್ತದೆ. ಬಟ್ಟೆ ತುಂಬಿದ ಬೀರು ಇರುವ ಕೋಣೆ, ಕಿಟಕಿ ಮುಚ್ಚಿ, ದಪ್ಪ ಕಂಬಳಿ ಇಳಿಬಿಟ್ಟು. ಮಳೆ ಬಿಟ್ಟ ಹೊತ್ತಿನಲ್ಲಿ ಎರಡು ಮೂರು ಪಾಠದ ಮಾತು ಒಟ್ಟಿಗೆ ಮಾಡಿಟ್ಟುಕೊಳ್ಳಿ.

ಹೊಸನಗರ_ಹುಡುಗ

ಮೇಡಂ, ನಾನು ಬಿಸಿಎ ಎರಡನೇ ವರ್ಷ. ವಿದ್ಯಾರ್ಥಿ ಕಡೆಯಿಂದ ಹೇಳುತ್ತೇನೆ.

ವಿಡಿಯೊ ನೋಡುವಾಗ ಎಲ್ಲ ಅರ್ಥವಾದ ಹಾಗೇ ಅನಿಸುತ್ತದೆ ಮೇಡಂ. ಅದೇ ಕಷ್ಟ. ಮುಗಿದ ಮೇಲೆ ಖಾಲಿ ಪರದೆ ಮುಂದೆ ಕೂತರೆ ಒಂದು ಸಾಲೂ ಬರುವುದಿಲ್ಲ. ನನಗೆ ಉಪಯೋಗ ಆಗಿದ್ದು ಪೈಥಾನ್ ಟ್ಯೂಟರ್ ಅನ್ನುವ ವೆಬ್‌ಸೈಟ್. ನಾವೇ ಕೋಡ್ ಹಾಕಬಹುದು, 'ನೆಕ್ಸ್ಟ್' ಒತ್ತಿದ ಹಾಗೆ ಒಂದೊಂದು ಹೆಜ್ಜೆ ಮುಂದೆ ಹೋಗುತ್ತದೆ, ಹಿಂದಕ್ಕೂ ಬರಬಹುದು. ಹಿಂದಕ್ಕೆ ಬರುವುದು ಬಹಳ ಮುಖ್ಯ. ವಿಡಿಯೊದಲ್ಲೂ ಹಾಗೆ ಹಿಂದೆ ಎಳೆದು ನೋಡುತ್ತೇವೆ, ಆದರೆ ಬೆರಳಲ್ಲಿ ಎಳೆದರೆ ಎಲ್ಲಿಗೋ ಹೋಗುತ್ತದೆ. ಪ್ರತಿ ಹೆಜ್ಜೆಗೂ ಪರದೆ ಮೂಲೆಯಲ್ಲಿ 1, 2, 3 ಅಂತ ಸಂಖ್ಯೆ ಇದ್ದರೆ ಹುಡುಕುವುದು ಸುಲಭ. ಫೋನಿನಲ್ಲಿ ಸ್ನೇಹಿತನಿಗೆ 'ಆರನೇ ಹೆಜ್ಜೆ ಅರ್ಥ ಆಗಲಿಲ್ಲ ಮಾರಾಯ' ಅಂತ ಹೇಳಲೂ ಬರುತ್ತದೆ.

ಇನ್ನೊಂದು, ತಪ್ಪು ಕೋಡನ್ನೂ ನಡೆಸಿ ತೋರಿಸಿ. ಎಲ್ಲ ವಿಡಿಯೊದಲ್ಲೂ ಸರಿಯಾದ ಕೋಡ್ ಮಾತ್ರ ಇರುತ್ತದೆ. ವೈಲ್ ಲೂಪ್‌ನಲ್ಲಿ ಐ = ಐ + 1 ಬರೆಯಲು ಮರೆತರೆ ಏನಾಗುತ್ತದೆ, ಅದೇ ಸಾಲನ್ನು ಎರಡು ಜಾಗ ಒಳಗೆ ಸರಿಸಿ ಇಫ್ ಕೆಳಗೆ ಇಟ್ಟರೆ ಏನಾಗುತ್ತದೆ, ಇದನ್ನೇ ನಾವು ಲ್ಯಾಬಿನಲ್ಲಿ ದಿನಾ ಮಾಡುವುದು. ಮಳೆಗಾಲದಲ್ಲಿ ನಮ್ಮ ಕಡೆ ಸಿಗ್ನಲ್ ಬೇಕು ಅಂದರೆ ಗುಡ್ಡ ಹತ್ತಬೇಕು, ಹಾಗಾಗಿ ಡೌನ್‌ಲೋಡ್ ಮಾಡಿ ಇಟ್ಟುಕೊಳ್ಳುವ ಹಾಗೆ ಕೊಡಿ ಮೇಡಂ, ಕಾಲೇಜಿನ ಲ್ಯಾಬಿನಲ್ಲಿ ಪೆನ್‌ಡ್ರೈವಿಗೆ ಹಾಕಿಕೊಟ್ಟರೂ ಆಯಿತು.

ಶಂಕರಘಟ್ಟ_ಓದು

ಹೊಸನಗರದ ತಮ್ಮ ಹೇಳಿದ್ದು ಸಂಶೋಧನೆಯಲ್ಲೂ ಬಂದಿರುವ ವಿಷಯ. ಅನಿಮೇಷನ್ ಮೂಲಕ ಅಲ್ಗಾರಿದಮ್ (ಲೆಕ್ಕ ಬಿಡಿಸುವ ಹೆಜ್ಜೆಗಳ ಕ್ರಮ) ಕಲಿಸುವ ಪ್ರಯತ್ನ ಹೊಸದೇನಲ್ಲ, ಟೊರಾಂಟೊ ವಿಶ್ವವಿದ್ಯಾಲಯದ ರೊನಾಲ್ಡ್ ಬೇಕರ್ 1981ರಲ್ಲೇ ಒಂಬತ್ತು ಸಾರ್ಟಿಂಗ್ ವಿಧಾನಗಳನ್ನು ಅರ್ಧ ಗಂಟೆಯ ಚಿತ್ರದಲ್ಲಿ ತೋರಿಸಿದ್ದರು. ಆಮೇಲೆ ಇಂಥವು ಬೇಕಾದಷ್ಟು ಬಂದವು. ಇವುಗಳಿಂದ ನಿಜಕ್ಕೂ ಕಲಿಯುತ್ತಾರಾ ಅಂತ ನಡೆದ 24 ಪ್ರಯೋಗಗಳನ್ನು ಹಂಡ್‌ಹೌಸನ್, ಡಗ್ಲಸ್, ಸ್ಟಾಸ್ಕೊ ಅನ್ನುವ ಮೂವರು 2002ರಲ್ಲಿ ಒಟ್ಟಿಗೆ ಇಟ್ಟು ನೋಡಿದರು. ಅವರಿಗೆ ಕಂಡಿದ್ದು ಇಷ್ಟು: ಪರದೆ ಮೇಲೆ ಏನು ತೋರಿಸುತ್ತೀರಿ ಅನ್ನುವುದಕ್ಕಿಂತ ವಿದ್ಯಾರ್ಥಿ ಅದನ್ನು ಇಟ್ಟುಕೊಂಡು ಏನು ಮಾಡುತ್ತಾನೆ ಅನ್ನುವುದೇ ಜಾಸ್ತಿ ಮುಖ್ಯ. ಸುಮ್ನೆ ನೋಡಿದವರಿಗಿಂತ, ಮುಂದೇನಾಗುತ್ತದೆ ಅಂತ ಊಹಿಸಿದವರಿಗೆ, ತಾವೇ ಇನ್‌ಪುಟ್ ಬದಲಿಸಿ ನೋಡಿದವರಿಗೆ ಲಾಭ ಆಗಿತ್ತು.

ಆದ್ದರಿಂದ ಮೇಡಂ, ಪ್ರತಿ ವಿಡಿಯೊದಲ್ಲೂ ಎರಡು ಮೂರು ಕಡೆ ನಿಲ್ಲಿಸಿ ಕೇಳಿ. ಸಾಗರದವರ ಮೂಟೆ ಲೆಕ್ಕದಲ್ಲಿ 70 ಬಂದ ಮೇಲೆ ನಿಲ್ಲಿಸಿ: 'ಇನ್ನು ಎರಡು ಮೂಟೆ ಬಾಕಿ. ದೊಡ್ಡದು ಇನ್ನು ಎಷ್ಟು ಸಲ ಬದಲಾಗಬಹುದು? ಪುಸ್ತಕದಲ್ಲಿ ಬರೆಯಿರಿ.' ಪೂರ್ತಿ ಹತ್ತು ಸೆಕೆಂಡು ಮೌನ ಇರಲಿ. ಬರೆದ ಮೇಲೆ ಉತ್ತರ ತಪ್ಪಾದರೂ ಪರವಾಗಿಲ್ಲ, ಅವನು ಈಗ ಕಾಯುತ್ತಾ ನೋಡುತ್ತಾನೆ. ವಿಡಿಯೊ ಜೊತೆ ಒಂದು ಖಾಲಿ ಕೋಷ್ಟಕದ ಹಾಳೆ ಕೊಡಿ: ಹೆಜ್ಜೆ, ಸಾಲು, ತೂಕ, ದೊಡ್ಡದು, ಔಟ್‌ಪುಟ್. ನೋಡುತ್ತಾ ತುಂಬಬೇಕು. ಜೆರಾಕ್ಸ್ ಖರ್ಚು ಅಷ್ಟೇ.

ಉದ್ದದ ಬಗ್ಗೆ: ಎಡ್‌ಎಕ್ಸ್ ಅನ್ನುವ ಆನ್‌ಲೈನ್ ಕಲಿಕಾ ತಾಣದ ಕೋರ್ಸ್‌ಗಳ ವಿಡಿಯೊಗಳನ್ನು ಜನ ಹೇಗೆ ನೋಡುತ್ತಾರೆ ಅಂತ ಫಿಲಿಪ್ ಗುವೊ ಮತ್ತು ಜೊತೆಗಾರರು 2014ರಲ್ಲಿ 69 ಲಕ್ಷ ವೀಕ್ಷಣೆಗಳ ದಾಖಲೆ ತೆಗೆದು ನೋಡಿದರು. ವಿಡಿಯೊ ಎಷ್ಟೇ ಉದ್ದ ಇರಲಿ, ಸಾಮಾನ್ಯವಾಗಿ ಜನ ನಿಂತು ನೋಡಿದ್ದು ಹೆಚ್ಚೆಂದರೆ ಆರು ನಿಮಿಷದಷ್ಟು. ಹೊಸನಗರದ ತಮ್ಮ ಹೇಳಿದ ಪೈಥಾನ್ ಟ್ಯೂಟರ್ ಮಾಡಿದವರೂ ಅದೇ ಗುವೊ. ಒಂದು ವಿಡಿಯೊಗೆ ಒಂದೇ ವಿಷಯ ಇಟ್ಟುಕೊಳ್ಳಿ. ಫಾರ್ ಲೂಪ್ ಒಂದು, ಲೂಪ್ ಒಳಗೆ ಇಫ್ ಇನ್ನೊಂದು.

ಪರದೆ ಮೇಲೆ ಮಾತನ್ನು ಪೂರ್ತಿ ಅಕ್ಷರದಲ್ಲಿ ಬರೆಯಬೇಡಿ. ಶಿಕ್ಷಣ ಮನಶ್ಶಾಸ್ತ್ರಜ್ಞ ರಿಚರ್ಡ್ ಮೇಯರ್ ಅವರ ಪ್ರಯೋಗಗಳಲ್ಲಿ ಚಿತ್ರ ಮತ್ತು ಮಾತು ಜೊತೆಗಿದ್ದಾಗ ಚೆನ್ನಾಗಿ ಕಲಿತರು, ಅದೇ ಮಾತನ್ನು ಬರಹದಲ್ಲೂ ತುಂಬಿಸಿದಾಗ ಕಡಿಮೆ ಕಲಿತರು, ಓದುವ ಕಣ್ಣು ಚಿತ್ರ ಬಿಟ್ಟುಬಿಡುತ್ತದೆ. ಕಿವಿ ಕೇಳದವರಿಗೆ ಸಬ್‌ಟೈಟಲ್ ಫೈಲ್ ಬೇರೆ ಕೊಡಿ, ಬೇಕಾದವರು ಹಾಕಿಕೊಳ್ಳುತ್ತಾರೆ.

ತುಂಗಾ_ತೀರ

ಇಷ್ಟೊಂದು ಸಿಗುತ್ತದೆ ಅಂತ ಅಂದುಕೊಂಡಿರಲಿಲ್ಲ, ಎಲ್ಲರಿಗೂ ಧನ್ಯವಾದ. ಚೀಟಿ, ಬೆಂಕಿಪೊಟ್ಟಣದಿಂದಲೇ ಶುರು ಮಾಡುತ್ತೇನೆ. ಖಾಲಿ ಕೋಷ್ಟಕ ಈ ವಾರವೇ ಕ್ಲಾಸಿನಲ್ಲಿ ಕೊಡುತ್ತೇನೆ.

ಎರಡು ಅನುಮಾನ ಉಳಿದಿದೆ. ವೇರಿಯಬಲ್ ಅಂದರೆ ಡಬ್ಬಿ ಅಂತ ಹೇಳಿಕೊಡುವುದು ರೂಢಿ. ಪರದೆ ಮೇಲೂ ಡಬ್ಬಿಯನ್ನೇ ಬರೆಯಲಾ? ಮತ್ತೆ ರಿಕರ್ಶನ್. ಅದನ್ನು ಚಿತ್ರದಲ್ಲಿ ಹೇಗೆ ತೋರಿಸುವುದು ಅಂತ ತಲೆಗೆ ಹೊಳೆಯುತ್ತಿಲ್ಲ.

ಶಂಕರಘಟ್ಟ_ಓದು

ಡಬ್ಬಿ ಬೇಡ ಅನ್ನುವುದು ನನ್ನ ಅಭಿಪ್ರಾಯ. ಡಬ್ಬಿಯಲ್ಲಿ ಎರಡು ವಸ್ತು ಹಿಡಿಯುತ್ತದೆ, ಹಾಗಾಗಿ 'ಎ'ಯಲ್ಲಿ 5 ಇದ್ದು ಮೇಲೆ 7 ಹಾಕಿದರೆ ಎರಡೂ ಇರುತ್ತವೆ ಅಂತ ಅಂದುಕೊಳ್ಳುವವರಿದ್ದಾರೆ. ಬಿ = ಎ ಅಂದರೆ ಒಂದು ಡಬ್ಬಿಯಿಂದ ಇನ್ನೊಂದಕ್ಕೆ ಸುರಿದ ಹಾಗೆ, 'ಎ' ಖಾಲಿ ಆಯಿತು ಅನ್ನುವವರೂ ಇದ್ದಾರೆ. ಮುಂದೆ ಲಿಸ್ಟ್ (ಬೆಲೆಗಳ ಸಾಲು) ಬಂದಾಗ ಇನ್ನೂ ಕಷ್ಟ. ಎ = [1, 2] ಬರೆದು, ಬಿ = ಎ ಅಂದು, 'ಬಿ'ಗೆ 3 ಸೇರಿಸಿದರೆ 'ಎ'ಯಲ್ಲೂ 3 ಕಾಣುತ್ತದೆ. ಎರಡು ಡಬ್ಬಿ ಬರೆದವರು ಇದನ್ನು ಹೇಗೆ ವಿವರಿಸುತ್ತಾರೆ? ಪೈಥಾನ್‌ನಲ್ಲಿ ಹೆಸರು ಒಂದು ಕಡೆ, ಬೆಲೆ ಇನ್ನೊಂದು ಕಡೆ, ಮಧ್ಯೆ ಬಾಣ. ಮೊದಲ ದಿನದಿಂದಲೇ ಬಾಣ ಬರೆಯಿರಿ.

ಸಾಗರದ_ಕೋಡರ್

ಇದನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಬಾಣ ಸರಿ, ಆದರೆ ಮೊದಲ ವಾರವೇ ಎಲ್ಲದಕ್ಕೂ ಬಾಣ ಹಾಕಿದರೆ ಮೊಬೈಲ್ ಪರದೆ ತುಂಬ ಗೆರೆಗಳೇ ಆಗುತ್ತವೆ. ಪೈಥಾನ್ ಟ್ಯೂಟರ್‌ನಲ್ಲೂ ನಾವು ಏನೂ ಬದಲಿಸದಿದ್ದರೆ ಸಂಖ್ಯೆಗಳನ್ನು ಹೆಸರಿನ ಪಕ್ಕದಲ್ಲೇ ಬರೆದು, ಲಿಸ್ಟ್‌ಗೆ ಮಾತ್ರ ಬಾಣ ಹಾಕುತ್ತದೆ. ಅದೇ ದಾರಿ ಹಿಡಿಯಿರಿ. ಹೆಸರು, ಪಕ್ಕದಲ್ಲಿ ಒಂದೇ ಬೆಲೆ ಹಿಡಿಯುವ ಚೌಕ. ಅದಕ್ಕೆ ಡಬ್ಬಿ ಅಂತ ಹೆಸರಿಡಬೇಡಿ, ಮುಚ್ಚಳ, ನೆರಳು, ಆಳ ಏನೂ ಬರೆಯಬೇಡಿ. ಎರಡನೇ ವಿಡಿಯೊದಲ್ಲೇ ಎ = 5, ಬಿ = ಎ, ಎ = 7 ಅಂತ ಮೂರು ಸಾಲು ಇಟ್ಟು 'ಈಗ ಬಿ ಎಷ್ಟು?' ಅಂತ ನಿಲ್ಲಿಸಿ ಕೇಳಿ. ಲಿಸ್ಟ್ ಬಂದ ದಿನ ಬಾಣ ಬರಲಿ, ಬಾಣಕ್ಕೇ ಒಂದು ಪೂರ್ತಿ ವಿಡಿಯೊ ಕೊಡಿ.

ರಿಕರ್ಶನ್‌ಗೆ ಬರೋಣ. ಹೆಚ್ಚಿನ ವಿಡಿಯೊಗಳಲ್ಲಿ ಫಂಕ್ಷನ್‌ನ ಕೊನೆಯಿಂದ ಮೇಲಕ್ಕೆ ಒಂದು ಬಾಣ ಸುತ್ತಿಸುತ್ತಾರೆ. ಅದನ್ನು ನೋಡಿದವರು ರಿಕರ್ಶನ್ ಅಂದರೆ ಲೂಪ್ ಅಂತಲೇ ತಿಳಿಯುತ್ತಾರೆ, ಆಮೇಲೆ ರಿಟರ್ನ್ (ಫಂಕ್ಷನ್ ವಾಪಸ್ ಕೊಡುವ ಉತ್ತರ) ಎಲ್ಲಿಗೆ ಹೋಯಿತು ಅಂತ ತಿಳಿಯುವುದೇ ಇಲ್ಲ. ಪ್ರತಿ ಕರೆಗೂ ಫಂಕ್ಷನ್‌ನ ಪೂರ್ತಿ ಹೊಸ ಹಾಳೆ ತೋರಿಸಿ. ಫ್ಯಾಕ್ಟೋರಿಯಲ್ (3ರದ್ದು ಅಂದರೆ 3 * 2 * 1) ಉದಾಹರಣೆ ಸಾಕು, 3ರಿಂದ ಶುರು ಮಾಡಿ. ಮೊದಲ ಹಾಳೆಯಲ್ಲಿ ಎನ್ = 3. ಅದು '3 * ಫ್ಯಾಕ್ಟೋ(2)' ಅನ್ನುವ ಸಾಲಿಗೆ ಬಂದು ನಿಲ್ಲುತ್ತದೆ, ಗುಣಾಕಾರ ಇನ್ನೂ ಆಗಿಲ್ಲ, ಫ್ಯಾಕ್ಟೋ(2) ಇದ್ದ ಜಾಗದಲ್ಲಿ ಒಂದು ಖಾಲಿ ಚೌಕ. ಅದರ ಮೇಲೆ ಎರಡನೇ ಹಾಳೆ ಬರುತ್ತದೆ, ಅದರದ್ದೇ ಬೇರೆ ಎನ್, ಅದರಲ್ಲಿ 2. ಅದೂ ನಿಲ್ಲುತ್ತದೆ. ಮೂರನೇ ಹಾಳೆಯಲ್ಲಿ ಎನ್ = 1, ಅದು ಮಾತ್ರ ಯಾರನ್ನೂ ಕರೆಯದೆ 1 ಅಂತ ಉತ್ತರ ಕೊಡುತ್ತದೆ. ಈಗ ಹಾಳೆ ಮಾಯವಾಗಲಿ, ಆ 1 ಕೆಳಗಿನ ಹಾಳೆಯ ಖಾಲಿ ಚೌಕಕ್ಕೆ ಇಳಿಯಲಿ. 2 * 1, ಅಂದರೆ 2. ಆ ಹಾಳೆಯೂ ಹೋಗುತ್ತದೆ, 2 ಕೆಳಗಿಳಿಯುತ್ತದೆ. 3 * 2, ಉತ್ತರ 6.

ಎರಡು ಜಾಗದಲ್ಲಿ ನಿಲ್ಲಿಸಿ ಕೇಳಿ. ಮೂರು ಹಾಳೆ ಇರುವಾಗ: 'ಈಗ ಎಷ್ಟು ಎನ್ ಇವೆ? ಯಾವುದರಲ್ಲಿ ಎಷ್ಟಿದೆ?' ಮೂರನೇ ಹಾಳೆ ಮಾಯವಾಗುವ ಮುಂಚೆ: 'ಈ 1 ಎಲ್ಲಿಗೆ ಹೋಗುತ್ತದೆ?' ಆಮೇಲೆ ಹೊಸನಗರದವರು ಹೇಳಿದ ಹಾಗೆ ತಪ್ಪು ಕೋಡ್ ನಡೆಸಿ. ಎನ್ == 1 ಅನ್ನುವ ಇಫ್ ತೆಗೆದುಬಿಡಿ. ಹಾಳೆಗಳು 0, -1, -2 ಅಂತ ಏರುತ್ತಾ ಪರದೆ ದಾಟಿ ಹೋಗಲಿ. ಪೈಥಾನ್ ಮಾಮೂಲಾಗಿ ಸುಮಾರು 1000 ಹಂತಕ್ಕೆ ರಿಕರ್ಶನ್ ಎರರ್ ಕೊಟ್ಟು ನಿಲ್ಲಿಸುತ್ತದೆ, ಆ ಕೆಂಪು ಸಂದೇಶವನ್ನೂ ತೋರಿಸಿ. ಲ್ಯಾಬಿನಲ್ಲಿ ಅದನ್ನು ಕಂಡಾಗ ಗಾಬರಿ ಆಗುವುದಿಲ್ಲ.

ಹೊಸನಗರ_ಹುಡುಗ

ಸರ್, ಹಾಳೆ ಮೇಲೆ ಹಾಳೆ ಬಂದಾಗ ಕೆಳಗಿನದು ಪೂರ್ತಿ ಮುಚ್ಚಿಹೋಗಬಾರದು. ಕೆಳಗಿನ ಹಾಳೆಯ ಎನ್ ಮತ್ತು ಖಾಲಿ ಚೌಕ ಕಾಣುತ್ತಿರಬೇಕು. ಅದು ಕಾಣದಿದ್ದರೆ ಕಾಯುತ್ತಿದೆ ಅನ್ನುವುದೇ ಮರೆತುಹೋಗುತ್ತದೆ.

ಗೆರೆ_ಬಣ್ಣ

ಸರಿಯಾಗಿ ಹೇಳಿದಿರಿ. ಪ್ರತಿ ಹಾಳೆಯನ್ನೂ ಸ್ವಲ್ಪ ಮೇಲಕ್ಕೆ, ಸ್ವಲ್ಪ ಬಲಕ್ಕೆ ಸರಿಸಿ ಇಟ್ಟರೆ ಕೆಳಗಿನ ಅಂಚು ಕಾಣುತ್ತದೆ. ಕಾಯುತ್ತಿರುವ ಹಾಳೆಗಳು ಮಸುಕಾಗಲಿ, ನಡೆಯುತ್ತಿರುವುದು ಮಾತ್ರ ಬೆಳಗಲಿ. ಮೊಬೈಲ್‌ನಲ್ಲಿ ಮೂರು ಹಾಳೆ ಆರಾಮಾಗಿ ಹಿಡಿಯುತ್ತದೆ, ಅದಕ್ಕೇ 3ರಿಂದ ಶುರು ಮಾಡಿ ಅಂದಿದ್ದು ಒಳ್ಳೆಯದಾಯಿತು.

ಫೈಲ್ ಗಾತ್ರದ ಬಗ್ಗೆ ಹೇಳುವುದು ಉಳಿದಿತ್ತು. ಮ್ಯಾನಿಮ್‌ನಲ್ಲಿ ಕಡಿಮೆ ಗುಣಮಟ್ಟ ಅಂದರೆ 480ಪಿ, ಸೆಕೆಂಡಿಗೆ 15 ಫ್ರೇಮ್. ಮಧ್ಯಮ ಅಂದರೆ 720ಪಿ, 30 ಫ್ರೇಮ್. ಪರೀಕ್ಷೆ ಮಾಡಿ ನೋಡುವಾಗ ಕಡಿಮೆಯಲ್ಲಿ ತೆಗೆಯಿರಿ, ಬೇಗ ಆಗುತ್ತದೆ. ಕೊನೆಗೆ ಹುಡುಗರಿಗೆ ಕೊಡುವುದು 720ಪಿ ಇರಲಿ. ಬಣ್ಣ ಕಡಿಮೆ, ಅಲುಗಾಟ ಕಡಿಮೆ ಇರುವ ಚಿತ್ರ ಆದ್ದರಿಂದ ಫೈಲ್ ಚಿಕ್ಕದಾಗಿಯೇ ಬರುತ್ತದೆ. ವಾಟ್ಸಾಪ್‌ನಲ್ಲಿ ಕಳಿಸುವಾಗ ವಿಡಿಯೊ ಅಂತ ಕಳಿಸಬೇಡಿ, ಅದು ಇನ್ನಷ್ಟು ಕುಗ್ಗಿಸಿ ಅಕ್ಷರ ಮಬ್ಬಾಗಿಸುತ್ತದೆ. ಡಾಕ್ಯುಮೆಂಟ್ ಅಂತ ಲಗತ್ತಿಸಿ ಕಳಿಸಿ, ಇದ್ದ ಹಾಗೇ ಹೋಗುತ್ತದೆ. ಮೇಡಂ, ಚೀಟಿಯ ವಿಡಿಯೊ ಆದ ಮೇಲೆ ಇಲ್ಲೇ ಹಾಕಿ, ಬಣ್ಣ ಮತ್ತು ಜಾಗ ಹೊಂದಿಸುವುದಕ್ಕೆ ನಾನು ಕೂತು ಸಹಾಯ ಮಾಡುತ್ತೇನೆ.